'ಬ್ಯಾಟರಿ ಅಂದ್ರೆ ಹಾಗೇ ಮೇಡಂ' ಅಂದರೆ ಸುಮ್ಮನಾಗಬೇಡಿ

ಹಾಲಿನವನು ಅರ್ಧ ಲೀಟರ್ ಕಡಿಮೆ ಹಾಕಿ ಹೋದರೆ ಬಿಡುತ್ತೀರಾ? ತರಕಾರಿ ಗಾಡಿಯವನ ತಕ್ಕಡಿ ಒಂದು ಕಡೆ ವಾಲಿದರೆ ಸುಮ್ಮನಿರುತ್ತೀರಾ? ಇಲ್ಲವೇ ಇಲ್ಲ. 'ಏನಪ್ಪಾ, ಸರಿಯಾಗಿ ತೂಗು' ಅಂತ ದಬಾಯಿಸಿ, ಮೇಲೊಂದು ಹಿಡಿ ಕೊತ್ತಂಬರಿ ಹಾಕಿಸಿಕೊಂಡೇ ಬರುತ್ತೀರಿ. ಆದರೆ 45 ಸಾವಿರ ರೂಪಾಯಿ ಕೊಟ್ಟು ತಂದ ಲ್ಯಾಪ್‌ಟಾಪ್‌ನ ಬ್ಯಾಟರಿ ಎಂಟೇ ತಿಂಗಳಿಗೆ ಸುಸ್ತಾದರೆ? ಅಲ್ಲಿ ಮಾತ್ರ ನಮ್ಮ ಬಾಯಿ ಕಟ್ಟಿಹೋಗುತ್ತದೆ!

ಚೀಟಿ ಎತ್ತಿದ ದುಡ್ಡಿನಲ್ಲಿ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಿರುತ್ತೀರಿ. ಡಬ್ಬದ ಮೇಲೆ 'ಹತ್ತು ಗಂಟೆಯವರೆಗೆ' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಒಂದು ಸಂಜೆ ಕರೆಂಟ್ ಹೋಗುತ್ತದೆ. ಆನ್‌ಲೈನ್ ಪರೀಕ್ಷೆ ಅರ್ಧದಲ್ಲಿರುವಾಗಲೇ ಪರದೆ ಕಪ್ಪಾಗುತ್ತದೆ. ಮರುದಿನ ಸರ್ವಿಸ್ ಸೆಂಟರ್‌ಗೆ ಹೊತ್ತುಕೊಂಡು ಹೋದರೆ ಸಿಗುವ ಉತ್ತರ: 'ಬ್ಯಾಟರಿ ಅಂದ್ರೆ ಹಾಗೇ ಮೇಡಂ. ಯಾವಾಗಲೂ ಚಾರ್ಜ್‌ಗೆ ಹಾಕಿಡ್ತೀರೇನೋ. ಸರ್ ಇದ್ರೆ ಕಳಿಸಿ, ಅವರಿಗೆ ಹೇಳ್ತೀವಿ.'

ಇಲ್ಲೇ ನಾವು ಸೋಲುವುದು. ನಮಗೆ ತಾಂತ್ರಿಕ ವಿಷಯ ಗೊತ್ತಿಲ್ಲ ಎಂದು ಅವರು ಅಂದುಕೊಳ್ಳುತ್ತಾರೆ, ನಾವೂ ಹಾಗೇ ಅಂದುಕೊಂಡು ಮನೆಗೆ ಬರುತ್ತೇವೆ. ನಿಜ ಹೇಳಬೇಕೆಂದರೆ ಈ ಜಗಳಕ್ಕೆ ಇಂಜಿನಿಯರಿಂಗ್ ಬೇಕಿಲ್ಲ, ಲೆಕ್ಕ ಬರೆದಿಡುವ ಅಭ್ಯಾಸ ಬೇಕು. ಸಿಲಿಂಡರ್ ಹಾಕಿದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡುವವರು ಯಾರು? ನಾವೇ ತಾನೆ!

ಮೊದಲು ನ್ಯಾಯವಾಗಿ ಒಂದು ಮಾತು. ಲಿಥಿಯಂ ಅಯಾನ್ ಬ್ಯಾಟರಿಗೆ ವಯಸ್ಸಾಗುವುದು ಸಹಜ. ಎರಡು ಮೂರು ವರ್ಷ ದುಡಿದ ಮೇಲೆ ಅದರ ಶಕ್ತಿ ಕುಗ್ಗಿದರೆ ಕಂಪೆನಿಯನ್ನು ದೂರುವಂತಿಲ್ಲ. ಪರದೆಯ ಬೆಳಕು ಪೂರ್ತಿ ಏರಿಸಿ, ವೈಫೈ ಹಾಕಿ, ಸಿನಿಮಾ ನೋಡಿದರೆ ಹತ್ತು ಗಂಟೆ ಬರುವುದೂ ಇಲ್ಲ. ಕಂಪೆನಿಗಳು ಹೇಳುವ ಗಂಟೆಗಳು ಅವರಿಗೆ ಅನುಕೂಲವಾದ ಪರೀಕ್ಷೆಯಿಂದ ಬಂದಿರುತ್ತವೆ. 2009ರಲ್ಲಿ ಅಮೆರಿಕದಲ್ಲಿ ಇದೇ ವಿಷಯಕ್ಕೆ ಗದ್ದಲವೆದ್ದಿತ್ತು. ಆಗ ಬಳಕೆಯಲ್ಲಿದ್ದ 'ಮೊಬೈಲ್‌ಮಾರ್ಕ್ 2007' ಎಂಬ ಪರೀಕ್ಷೆಯಲ್ಲಿ ಪರದೆಯನ್ನು ಮಂಕು ಮಾಡಿ, ವೈಫೈ ಆರಿಸಿ ಅಳೆಯುತ್ತಾರೆಂದು ಚಿಪ್ ತಯಾರಿಸುವ ಎಎಂಡಿ ಕಂಪೆನಿಯೇ ಆಕ್ಷೇಪಿಸಿತ್ತು. ಹಾಗಾಗಿ 'ಹತ್ತು ಗಂಟೆ ಅಂದಿದ್ರಿ, ಆರೇ ಬರ್ತಿದೆ' ಎಂಬ ವಾದ ಒಂದನ್ನೇ ಹಿಡಿದು ಹೋದರೆ 'ವರೆಗೆ' ಎಂಬ ಪುಟ್ಟ ಪದದ ಹಿಂದೆ ಅವರು ಅಡಗಿಕೊಳ್ಳುತ್ತಾರೆ.

ನೀವು ಹಿಡಿಯಬೇಕಾದ ಜುಟ್ಟು ಬೇರೆ. ಬ್ಯಾಟರಿ ಹೊಸದರಲ್ಲಿ ಎಷ್ಟು ವಿದ್ಯುತ್ ತುಂಬಿಕೊಳ್ಳಬೇಕಿತ್ತು, ಈಗ ಎಷ್ಟು ತುಂಬಿಕೊಳ್ಳುತ್ತಿದೆ ಎನ್ನುವ ಲೆಕ್ಕ ಲ್ಯಾಪ್‌ಟಾಪ್‌ನ ಹೊಟ್ಟೆಯಲ್ಲೇ ಇರುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ಆದರೆ 'ಬ್ಯಾಟರಿ ರಿಪೋರ್ಟ್' ತೆಗೆದುಕೊಡು ಎಂದು ಕಾಲೇಜಿಗೆ ಹೋಗುವ ಮಗನನ್ನೋ ಮಗಳನ್ನೋ ಕೇಳಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕು, ಎರಡು ನಿಮಿಷದ ಕೆಲಸ. ಅದರಲ್ಲಿ 'ಡಿಸೈನ್ ಕೆಪಾಸಿಟಿ', 'ಫುಲ್ ಚಾರ್ಜ್ ಕೆಪಾಸಿಟಿ' ಎಂಬ ಎರಡು ಅಂಕಿ ಇರುತ್ತವೆ. ಮೊದಲನೆಯದು 45,000 ಇದ್ದು ಎರಡನೆಯದು 27,000 ಇದೆ ಎನ್ನಿ. ಅಂದರೆ ಶೇ. 60 ಮಾತ್ರ ಉಳಿದಿದೆ! ಎಷ್ಟು ಸಲ ಚಾರ್ಜ್ ಆಗಿದೆ ಎಂಬ 'ಸೈಕಲ್ ಕೌಂಟ್' ಕೂಡ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸಿಗುತ್ತದೆ. ಇಂಥ ಬ್ಯಾಟರಿಗಳು ಸಾಮಾನ್ಯವಾಗಿ 300ರಿಂದ 500 ಸಲ ಚಾರ್ಜ್ ಆದ ಮೇಲೂ ಶೇ. 80ರಷ್ಟು ಶಕ್ತಿ ಉಳಿಸಿಕೊಳ್ಳಬೇಕು. ನೂರೈವತ್ತು ಸಲಕ್ಕೇ ಶೇ. 60ಕ್ಕೆ ಇಳಿದಿದ್ದರೆ ಅದು ವಯಸ್ಸಲ್ಲ, ದೋಷ ಎಂದು ನೀವು ಧೈರ್ಯವಾಗಿ ವಾದಿಸಬಹುದು. ಈ ರಿಪೋರ್ಟನ್ನು ಪ್ರಿಂಟ್ ಮಾಡಿಸಿ, ತಾರೀಖು ಹಾಕಿ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ತೆಗೆದರೆ ಇನ್ನೂ ಒಳ್ಳೆಯದು.

ವಾರಂಟಿ ಚೀಟಿಯನ್ನು ಇವತ್ತೇ ಹುಡುಕಿ ಓದಿ. ಲ್ಯಾಪ್‌ಟಾಪ್‌ಗೆ ಮೂರು ವರ್ಷ ವಾರಂಟಿ ಇದ್ದರೂ ಬ್ಯಾಟರಿಗೆ ಒಂದೇ ವರ್ಷ ಇರುವುದು ಸಾಮಾನ್ಯ. 'ಪರೀಕ್ಷೆ ಮುಗೀಲಿ, ಹಬ್ಬ ಕಳೀಲಿ, ಆಮೇಲೆ ನೋಡೋಣ' ಎಂದು ಮುಂದೂಡಿದರೆ ಆ ವರ್ಷ ಕಳೆದೇ ಹೋಗುತ್ತದೆ. ವಾರಂಟಿ ಮುಗಿಯುವ ದಿನವನ್ನೂ ಸಿಲಿಂಡರ್ ಪಕ್ಕದಲ್ಲೇ ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಸರ್ವಿಸ್ ಸೆಂಟರ್‌ನಲ್ಲಿ ಬರಿಗೈಯಲ್ಲಿ ಹೊರಗೆ ಬರಬೇಡಿ. ಜಾಬ್ ಶೀಟ್ ಕೇಳಿ ಪಡೆಯಿರಿ. 'ಬ್ಯಾಟರಿ ಬೇಗ ಖಾಲಿಯಾಗುತ್ತದೆ' ಎಂಬ ದೂರು ಅದರಲ್ಲಿ ಬರೆದಿದೆಯೇ ನೋಡಿ. ವಾರಂಟಿಯಲ್ಲಿ ಬರುವುದಿಲ್ಲ ಎಂದರೆ, 'ಸರಿ, ಅದನ್ನೇ ಬರೆದುಕೊಡಿ' ಅನ್ನಿ. ಎಷ್ಟೋ ಸಲ ಆ ಒಂದು ಮಾತಿಗೇ ಧ್ವನಿ ಬದಲಾಗುತ್ತದೆ! ಫೋನಿನಲ್ಲಿ ಮಾತಾಡಿದರೆ ದೂರಿನ ಸಂಖ್ಯೆ, ದಿನ, ಮಾತಾಡಿದವರ ಹೆಸರು ಗುರುತು ಹಾಕಿಕೊಳ್ಳಿ. ಆಮೇಲೆ ಬಿಲ್ಲು, ರಿಪೋರ್ಟು, ಜಾಬ್ ಶೀಟು ಸೇರಿಸಿ ಕಂಪೆನಿಗೆ ಇ-ಮೇಲ್ ಮಾಡಿ. ಬೈಗುಳ ಬೇಡ. ಏನಾಗಿದೆ, ಏನು ಬೇಕು, ಎಷ್ಟು ದಿನದೊಳಗೆ ಬೇಕು, ಮೂರೇ ಮಾತು ಸಾಕು. 'ಬ್ಯಾಟರಿ ಉಚಿತವಾಗಿ ಬದಲಿಸಿಕೊಡಿ' ಎಂದು ನ್ಯಾಯವಾದದ್ದನ್ನೇ ಕೇಳಿ.

ಅದಕ್ಕೂ ಜಗ್ಗದಿದ್ದರೆ 1915 ಇದೆ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕರೆ ಉಚಿತ. ಅವರು ತೀರ್ಪು ಕೊಡುವುದಿಲ್ಲ, ಆದರೆ ದೂರನ್ನು ಕಂಪೆನಿಗೆ ತಲುಪಿಸಿ ಉತ್ತರ ಕೇಳುತ್ತಾರೆ. ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಹಿಂದೆ ಗ್ರಾಹಕ ವೇದಿಕೆ ಅನ್ನುತ್ತಿದ್ದೆವಲ್ಲ, ಅದೇ.

'ಅಯ್ಯೋ, ಕೋರ್ಟು ಕಚೇರಿ ನಮಗ್ಯಾಕೆ' ಅನ್ನಬೇಡಿ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮಗೆ ಅನುಕೂಲವಾದ ಅಂಶಗಳು ಬೇಕಾದಷ್ಟಿವೆ. ಕಂಪೆನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿನ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ತೊಂದರೆ ಆದಾಗಿನಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು, ಅಷ್ಟೆ.

ಬಿಲ್ಲು ಯಜಮಾನರ ಹೆಸರಿನಲ್ಲಿದೆಯೇ? ಚಿಂತೆ ಬೇಡ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಈ ಕಾಯ್ದೆಯ ಪ್ರಕಾರ ಗ್ರಾಹಕರೇ. ಮನೆಯಲ್ಲೇ ಟ್ಯೂಷನ್ ಹೇಳಿಕೊಡಲು, ಬ್ಲೌಸ್ ಡಿಸೈನ್ ಮಾಡಲು ಲ್ಯಾಪ್‌ಟಾಪ್ ಕೊಂಡಿದ್ದೀರಾ? ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಬಳಸುವ ವಸ್ತುವನ್ನು ಕಾಯ್ದೆ ವ್ಯಾಪಾರದ ಖರೀದಿ ಎಂದು ತಳ್ಳಿಹಾಕುವುದಿಲ್ಲ.

ಎಲ್ಲ ದೂರೂ ಗೆಲ್ಲುತ್ತದೆ ಎಂದು ಹೇಳುತ್ತಿಲ್ಲ. ವಸ್ತುವಿನ ಪರೀಕ್ಷೆ ಬೇಕಿಲ್ಲದಿದ್ದರೆ ಮೂರು ತಿಂಗಳು, ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ಹೆಚ್ಚು ದಿನ ಹಿಡಿಯುವುದುಂಟು. ಆದ್ದರಿಂದಲೇ ಮೊದಲ ಮೂರು ಮೆಟ್ಟಿಲಲ್ಲೇ ಗಟ್ಟಿಯಾಗಿ ನಿಲ್ಲಬೇಕು. ಕೈಯಲ್ಲಿ ಕಾಗದ ಇಟ್ಟುಕೊಂಡು ಮೆತ್ತಗೆ ಮಾತಾಡುವ ಗ್ರಾಹಕಿಯ ಮುಂದೆ ಹಾರಿಕೆಯ ಉತ್ತರ ಬಹಳ ಹೊತ್ತು ನಿಲ್ಲುವುದಿಲ್ಲ.

ಇನ್ನೊಂದು ಮಾತು. ಬ್ಯಾಟರಿ ಉಬ್ಬಿದ್ದರೆ, ಕೀಬೋರ್ಡ್ ಮೇಲೆದ್ದಿದ್ದರೆ, ವಾದ ಆಮೇಲೆ. ಮೊದಲು ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಬಳಸಬೇಡಿ. ಅದರಿಂದ ಬೆಂಕಿಯ ಅಪಾಯವಿದೆ.

ಇಂದು ಸಂಜೆ ಕಾಫಿ ಕುಡಿದ ಮೇಲೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಬೀರುವಿನಲ್ಲಿರುವ ಬಿಲ್ಲು ಹುಡುಕಿ, ವಾರಂಟಿ ಯಾವತ್ತು ಮುಗಿಯುತ್ತದೆ ನೋಡಿ, ಬ್ಯಾಟರಿ ರಿಪೋರ್ಟ್ ತೆಗೆಸಿ. ಮುಂದಿನ ಸಲ 'ಸರ್ ಇದ್ರೆ ಕಳಿಸಿ' ಅಂದರೆ ನಗುತ್ತಾ ಹೇಳಿ: 'ಲೆಕ್ಕ ನನ್ನ ಹತ್ರ ಇದೆ. ನನ್ನ ಜೊತೆನೇ ಮಾತಾಡಿ.'