ಫಾರಂ ಹಂಚುವ ಮೊದಲು ಮಗುವಿನ ಜೊತೆ ಕೂರುವವರನ್ನು ಕೊಡಿ

ಮಾನ್ಯ ಶಾಲಾ ಶಿಕ್ಷಣ ಸಚಿವರೇ,

ಮಕ್ಕಳಲ್ಲಿರುವ ಆತಂಕದ ಕಾಯಿಲೆಯನ್ನು ಪ್ರಶ್ನಾವಳಿ ಕೊಟ್ಟು ಪತ್ತೆ ಹಚ್ಚಬೇಕು ಎಂಬ ಮಾತು ಈಚೆಗೆ ನಮ್ಮ ತರಬೇತಿಗಳಲ್ಲಿ, ಮುಖ್ಯೋಪಾಧ್ಯಾಯರ ಸಭೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಫಾರಂ ಹಿಡಿದುಕೊಂಡು ಸಂಸ್ಥೆಗಳವರು ಶಾಲೆಗೇ ಬರುತ್ತಿದ್ದಾರೆ. ನಾಳೆ ಇದೇ ಇಲಾಖೆಯ ಸುತ್ತೋಲೆಯಾಗಿ ಬಂದರೂ ಬರಬಹುದು. ಹಾಗೆ ಬರುವ ಮೊದಲು ತರಗತಿಯೊಳಗಿನ ಕೆಲವು ಸಂಗತಿ ನಿಮಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ನಾನು ಹಾಸನ ಜಿಲ್ಲೆಯ ಮಲೆನಾಡು ಭಾಗದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ.

ಮಕ್ಕಳನ್ನು ಕೇಳಲೇಬಾರದು ಎನ್ನುವವಳು ನಾನಲ್ಲ. ಆತಂಕದಲ್ಲಿ ನರಳುವ ಮಗು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಗಲಾಟೆ ಮಾಡುವ ಹುಡುಗನ ಹೆಸರು ಸ್ಟಾಫ್ ರೂಮಿನಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಕೈಯೆತ್ತದ, ಬರೆದ ಹೋಂವರ್ಕನ್ನು ಅಳಿಸಿ ಅಳಿಸಿ ಮತ್ತೆ ಬರೆಯುವ ಹುಡುಗಿಗೆ ಮಾತ್ರ "ಪಾಪ, ಒಳ್ಳೆ ಹುಡುಗಿ, ಮಾತೇ ಆಡಲ್ಲ" ಎಂಬ ಹೊಗಳಿಕೆ. ಸೋಮವಾರ ಬೆಳಿಗ್ಗೆಯಾದರೆ ಅವಳಿಗೆ ಹೊಟ್ಟೆನೋವು. ಮನೆಯವರು ದೃಷ್ಟಿ ತೆಗೆಯುತ್ತಾರೆ, ಓಮದ ಕಷಾಯ ಕುಡಿಸುತ್ತಾರೆ, ಕಡಿಮೆಯಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಮಾತ್ರೆ ತರುತ್ತಾರೆ. ಏನಾಗುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇದೆ. ಆತಂಕದ ಕಾಯಿಲೆಗಳ ಪಾಲೇ ಶೇ 3.6. ಅಂದರೆ ನೂರು ಮಕ್ಕಳಿರುವ ಶಾಲೆಯಲ್ಲಿ ಮೂರೋ ನಾಲ್ಕೋ ಮಕ್ಕಳು ಬಾಯಿ ಮುಚ್ಚಿಕೊಂಡು ಅನುಭವಿಸುತ್ತಿದ್ದಾರೆ.

ತರಬೇತಿಗಳಲ್ಲಿ ಅಮೆರಿಕದ ಉದಾಹರಣೆ ಕೊಡುತ್ತಾರೆ. 2022ರ ಅಕ್ಟೋಬರಿನಲ್ಲಿ ಅಲ್ಲಿನ ರೋಗತಡೆ ಸೇವೆಗಳ ಕಾರ್ಯಪಡೆಯು 8ರಿಂದ 18 ವರ್ಷದ ಎಲ್ಲ ಮಕ್ಕಳನ್ನೂ ಆತಂಕಕ್ಕಾಗಿ ತಪಾಸಣೆ ಮಾಡಬೇಕೆಂದು ಶಿಫಾರಸು ಮಾಡಿದ್ದು ನಿಜ. ಆದರೆ ನಮಗೆ ಹೇಳುವುದು ಅದರ ಅರ್ಧ ಮಾತ್ರ. ಆ ಶಿಫಾರಸು ಇರುವುದು ಮಗುವನ್ನು ಬಲ್ಲ ವೈದ್ಯರ ಕ್ಲಿನಿಕ್ಕಿಗೆ. ಐವತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿದ ತರಗತಿಗಲ್ಲ. ಏಳು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ವಿಚಾರದಲ್ಲಿ ಸಾಕಷ್ಟು ಪುರಾವೆ ಇಲ್ಲವೆಂದು ಅವರೇ ಹೇಳಿದ್ದಾರೆ. ತಪಾಸಣೆ ಮಾಡಿದ್ದರಿಂದಲೇ ಮಕ್ಕಳಿಗೆ ಗುಣವಾಯಿತು ಎನ್ನುವುದಕ್ಕೆ ನೇರ ಪುರಾವೆ ಸಿಕ್ಕಿಲ್ಲ ಎಂದೂ ಒಪ್ಪಿದ್ದಾರೆ. ಅವರು ನೆಚ್ಚಿಕೊಂಡಿರುವುದು ಚಿಕಿತ್ಸೆಯ ಬಲವನ್ನು.

ಆ ಬಲ ಚಿಕ್ಕದೇನಲ್ಲ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ 7ರಿಂದ 17 ವರ್ಷದ 488 ಮಕ್ಕಳಿದ್ದರು. ಹೆದರುವ ಸಂಗತಿಯನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಲು ಕಲಿಸುವ ಸಿಬಿಟಿ ಎಂಬ ಮಾತುಕತೆಯ ಚಿಕಿತ್ಸೆಯೊಂದರಿಂದಲೇ, ಯಾವ ಮಾತ್ರೆಯೂ ಇಲ್ಲದೆ, 12 ವಾರಗಳಲ್ಲಿ ಸುಮಾರು ಶೇ 60ರಷ್ಟು ಮಕ್ಕಳು ಬಹಳ ಮಟ್ಟಿಗೆ ಸುಧಾರಿಸಿದರು. ಓದಿದಾಗ ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಸಂಕಟವೂ ಆಯಿತು. ಅಲ್ಲಿ ಒಂದೊಂದು ಮಗುವಿನ ಜೊತೆ 14 ಸಲ ಕೂತು ಮಾತಾಡುವ ವ್ಯವಸ್ಥೆಯಿತ್ತು. ನಮ್ಮ ತಾಲ್ಲೂಕಿನಲ್ಲಿ ಒಂದು ಸಲ ಕೂರುವವರು ಯಾರಿದ್ದಾರೆ?

ನಮ್ಮ ಎಂಟನೇ ತರಗತಿಗೂ ಒಮ್ಮೆ ಇಂಥ ಫಾರಂ ಬಂತು. ಎರಡು ಹಾಳೆ, ನಲವತ್ತರಷ್ಟು ವಾಕ್ಯ, ಒಂದೊಂದರ ಮುಂದೆ ಮೂರು ಚೌಕ. ಮೇಲ್ಗಡೆ ಹೆಸರು, ರೋಲ್ ನಂಬರ್, ತಂದೆಯ ಹೆಸರು. ಹಂಚಿ ಮುಗಿಯುವ ಮೊದಲೇ ಮುಂದಿನ ಬೆಂಚಿನಿಂದ "ಮಿಸ್, ಇದಕ್ಕೆ ಎಷ್ಟು ಮಾರ್ಕ್ಸು?" ಎಂಬ ಪ್ರಶ್ನೆ. "ಯಾವುದಕ್ಕೆ ಟಿಕ್ ಹಾಕಿದ್ರೆ ಸರಿ ಮಿಸ್?" ಎಂದು ಇನ್ನೊಬ್ಬಳು. ಹಿಂದಿನ ಬೆಂಚಿನವರು ಪಕ್ಕದವನ ಹಾಳೆ ನೋಡಿಕೊಂಡು ಟಿಕ್ ಹಾಕಿದರು. ಗಣಿತದ ಪೀರಿಯಡ್ಡಿನ ಬೆಲ್ ಹೊಡೆದ ಕೂಡಲೇ ಮೂತ್ರಕ್ಕೆಂದು ಎದ್ದು ನಿಲ್ಲುವ, ರಕ್ತ ಬರುವ ತನಕ ಉಗುರು ಕಚ್ಚುವ ಹುಡುಗನೊಬ್ಬನಿದ್ದ. ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕಿ ಎಲ್ಲರಿಗಿಂತ ಮೊದಲು ಹಾಳೆ ಕೊಟ್ಟವನು ಅವನೇ. ಅದು ಹೆಡ್‌ಮಾಸ್ಟರ ಟೇಬಲ್ಲಿಗೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು.

ಹೆಚ್ಚು ಅಂಕ ಬಂದವರ ಪಟ್ಟಿ ವಾರದೊಳಗೆ ಬಂತು. ಹಾಜರಿ ಪುಸ್ತಕದ ನಡುವೆ ಇಟ್ಟದ್ದು ಮಕ್ಕಳ ಕಣ್ಣಿಗೆ ಬಿದ್ದು, ಪಟ್ಟಿಯಲ್ಲಿದ್ದವರಿಗೆ 'ಟೆನ್ಷನ್ ಪಾರ್ಟಿ' ಎಂಬ ಹೆಸರು ಅಂಟಿಕೊಂಡಿತು. ಒಬ್ಬಳ ತಾಯಿ ತೋಟದ ಕೆಲಸ ಬಿಟ್ಟು ಓಡಿ ಬಂದರು: "ನಮ್ ಹುಡ್ಗಿಗೆ ತಲೆ ಸರಿ ಇಲ್ಲ ಅಂತ ಬರ್ದಿದೀರಂತೆ, ಹೌದಾ ಮೇಡಂ?" ಫಾರಂ ತಂದವರು ವರದಿ ಬರೆದುಕೊಂಡು ಹೋದವರು ಮತ್ತೆ ಈ ಕಡೆ ಬರಲಿಲ್ಲ.

ಆ ತಾಯಿಯ ಮಗಳನ್ನು ಸಂಜೆ ಕೂರಿಸಿಕೊಂಡು ಮಾತಾಡಿಸಿದೆ. ಶಾಲೆಗೆ ಬರಲು ಭಯ ಎಂಬಲ್ಲಿ 'ತುಂಬಾ' ಎಂದು ಗುರುತು ಹಾಕಿದ್ದಳು. ಅವಳು ಬರುವುದು ಕಾಫಿ ತೋಟದ ನಡುವಿನ ಕಾಲುದಾರಿಯಲ್ಲಿ, ಬೆಳಿಗ್ಗೆ ಮಂಜು ಇನ್ನೂ ಕರಗದ ಹೊತ್ತಿಗೆ. ಆ ದಾರಿಯಲ್ಲಿ ಆನೆ ಓಡಾಡುತ್ತದೆ. ನಮ್ಮ ಕಡೆ ಆನೆಗೆ ಸಿಕ್ಕಿ ಸತ್ತವರ ಸುದ್ದಿ ಕೇಳದ ಮಗುವಿಲ್ಲ. ಹೊಟ್ಟೆನೋವು ಎಂಬಲ್ಲೂ ಗುರುತಿತ್ತು. ಶೌಚಾಲಯದ ಬಾಗಿಲಿನ ಚಿಲಕ ಮುರಿದಿದೆ, ಅದಕ್ಕೆ ಇಡೀ ದಿನ ನೀರೇ ಕುಡಿಯುವುದಿಲ್ಲವಂತೆ. ಇವಳ ಭಯಕ್ಕೂ, ಕಾರಣವಿಲ್ಲದೆ ಎದೆ ಹೊಡೆದುಕೊಂಡು ರಾತ್ರಿಯಿಡೀ ಎಚ್ಚರವಿರುವ ಮಗುವಿನ ಭಯಕ್ಕೂ ಫಾರಂ ಕೊಡುವುದು ಅದೇ ಅಂಕ. ಇವಳಿಗೆ ಬೇಕಾದದ್ದು ಬಸ್ಸು ಮತ್ತು ಚಿಲಕ. ಭಯದ ಕಾರಣ ಹೊರಗಿರುವುದು ಇವಳೊಬ್ಬಳ ಕತೆಯಲ್ಲ. ಎನ್‌ಸಿಇಆರ್‌ಟಿ 2022ರಲ್ಲಿ 3,79,842 ವಿದ್ಯಾರ್ಥಿಗಳನ್ನು ಕೇಳಿದಾಗ ಶೇ 81ರಷ್ಟು ಮಂದಿ ತಮ್ಮ ಆತಂಕಕ್ಕೆ ಓದು, ಪರೀಕ್ಷೆ, ಫಲಿತಾಂಶಗಳೇ ಕಾರಣ ಎಂದರು. ಆ ಸಮೀಕ್ಷೆಯಲ್ಲಿ ಹೆಸರು ಬರೆಯುವುದು ಮಗುವಿನ ಇಷ್ಟಕ್ಕೆ ಬಿಟ್ಟದ್ದು ಎಂಬುದನ್ನೂ ನೆನಪಿಸುತ್ತೇನೆ. ಶೇ 81ರಷ್ಟು ಮಕ್ಕಳು ಬೆರಳು ತೋರಿಸುತ್ತಿರುವುದು ಶಾಲೆಯತ್ತ. ಕಿರುಪರೀಕ್ಷೆಯ ಅಂಕಗಳನ್ನು ಇಡೀ ತರಗತಿಯ ಮುಂದೆ ಓದಿ ಹೇಳುವ, ಕಡಿಮೆ ಬಂದವರನ್ನು ಎದ್ದು ನಿಲ್ಲಿಸುವ ಪದ್ಧತಿಯನ್ನು ಒಂದು ಆದೇಶದಿಂದ ನಿಲ್ಲಿಸಬಹುದು. ಅದಕ್ಕೆ ಫಾರಮ್ಮೂ ಬೇಡ, ಹಣವೂ ಬೇಡ.

ಫಾರಮ್ಮಿನ ಪಟ್ಟಿಗೆ ಎಷ್ಟು ಮಂದಿ ತಪ್ಪಾಗಿ ಸೇರುತ್ತಾರೆ ಎಂದು ಒಂದು ಲೆಕ್ಕ ಹಾಕಿ ನೋಡಿ. ಸಾವಿರ ಮಕ್ಕಳಲ್ಲಿ 40 ಮಂದಿಗೆ ನಿಜವಾಗಿ ಕಾಯಿಲೆ ಇದೆ ಎಂದುಕೊಳ್ಳೋಣ. ಫಾರಂ ಚೆನ್ನಾಗಿಯೇ ಕೆಲಸ ಮಾಡಿ ಅವರಲ್ಲಿ 32 ಮಂದಿಯನ್ನು ಗುರುತಿಸಿತು, ಉಳಿದ 960 ಮಂದಿಯಲ್ಲಿ ಐವರಿಗೊಬ್ಬರಂತೆ 192 ಮಂದಿಯನ್ನು ತಪ್ಪಾಗಿ ಹಿಡಿಯಿತು ಎನ್ನೋಣ. ಪಟ್ಟಿಯಲ್ಲಿ 224 ಹೆಸರು. ಏಳರಲ್ಲಿ ಆರು ಮಂದಿಗೆ ಕಾಯಿಲೆಯೇ ಇಲ್ಲ. ಇದನ್ನು ಪ್ರಶ್ನಾವಳಿ ರಚಿಸಿದವರ ತಪ್ಪು ಎನ್ನಲಾಗದು. ಜಗತ್ತಿನ ಬಹಳ ಕಡೆ ಬಳಕೆಯಲ್ಲಿರುವ, 1997ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ವೈದ್ಯರು ರೂಪಿಸಿದ 'ಸ್ಕೇರ್ಡ್' ಪ್ರಶ್ನಾವಳಿಯನ್ನೇ ತೆಗೆದುಕೊಳ್ಳಿ: ಈಗ ಬಳಸುವ ರೂಪದಲ್ಲಿ 41 ವಾಕ್ಯ, 25 ಅಥವಾ ಹೆಚ್ಚು ಅಂಕ ಬಂದರೆ ಕಾಯಿಲೆ ಇರಬಹುದು ಎಂಬ ಸೂಚನೆ ಅಷ್ಟೆ. ಬಲ್ಲವರೊಬ್ಬರು ಮಗುವಿನೊಂದಿಗೂ ಹೆತ್ತವರೊಂದಿಗೂ ಕೂತು ಮಾತಾಡುತ್ತಾರೆ ಎಂದು ನಂಬಿಯೇ ಅದನ್ನು ಮಾಡಿರುವುದು. ಶಾಲೆಯಲ್ಲಿ ಕಣ್ಣಿನ ತಪಾಸಣೆಯಾದರೆ ಕನ್ನಡಕ ಬರುತ್ತದೆ. ಅದಕ್ಕೇ ಮನೆಯವರು ಆ ತಪಾಸಣೆಯನ್ನು ನಂಬುತ್ತಾರೆ. ನಮ್ಮ ಫಾರಮ್ಮಿನ ಹಿಂದೆ ಅಂಥದ್ದೇನೂ ಬರಲಿಲ್ಲ.

ಸ್ವಾಮಿ, ದಾರಿಯಿಲ್ಲ ಎಂದು ಕೈ ಚೆಲ್ಲುವ ಸ್ಥಿತಿ ನಮ್ಮದಲ್ಲ. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನು, ಕಾರ್ಯಕರ್ತರನ್ನು ಮನೋರೋಗದ ಆರೈಕೆಗೆ ತರಬೇತುಗೊಳಿಸಿದ್ದೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬಿಹಾರದ ನಳಂದ ಜಿಲ್ಲೆಯ ಶಾಲೆಗಳಲ್ಲಿ ವೃತ್ತಿಪರರಲ್ಲದ, ತರಬೇತಿ ಪಡೆದ ಆಪ್ತಸಲಹೆಗಾರರನ್ನು ನೇಮಿಸಿ ನೋಡಿದರು. ಮಕ್ಕಳು ದೂರು, ದುಃಖ ಬರೆದು ಹಾಕಲು ಒಂದು ಪೆಟ್ಟಿಗೆ ಇಟ್ಟರು. ಶಾಲೆಯ ವಾತಾವರಣ ಸುಧಾರಿಸಿತು, ಮಕ್ಕಳ ಖಿನ್ನತೆಯ ಲಕ್ಷಣಗಳು ಇಳಿದವು. ಅದೇ ಕೆಲಸವನ್ನು ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ ಆ ಫಲ ಸಿಗಲಿಲ್ಲ. ಇದನ್ನು ಶಿಕ್ಷಕಿಯಾಗಿಯೇ ಒತ್ತಿ ಹೇಳುತ್ತೇನೆ, ಏಕೆಂದರೆ ಸುತ್ತೋಲೆ ಬಂದರೆ ಕೆಲಸ ನಮ್ಮ ತಲೆಗೇ ಬರುತ್ತದೆ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಸಂಗಾತ್ ಎಂಬ ಸ್ವಯಂಸೇವಾ ಸಂಸ್ಥೆಯವರು ತರಗತಿಗೆ ಹೋಗಿ ಮನಸ್ಸಿನ ಕಷ್ಟಗಳ ಬಗ್ಗೆ ತಿಳಿಸಿ, ಬೇಕಾದವರು ಬಂದು ಮಾತಾಡಬಹುದು ಎಂದರು. ಮಕ್ಕಳು ತಾವಾಗಿಯೇ ಬಂದರು.

ಆದ್ದರಿಂದ ನನ್ನ ಕೋರಿಕೆ ಇದು. ಗುರುತಿಸಿದ ಮಗುವನ್ನು ಒಂದು ತಿಂಗಳೊಳಗೆ ಬಲ್ಲವರು ನೋಡುತ್ತಾರೆ ಎಂಬ ಖಾತ್ರಿಯಿಲ್ಲದ ಯಾವ ಶಾಲೆಯಲ್ಲೂ ಪ್ರಶ್ನಾವಳಿ ಹಂಚಲು ಬಿಡಬೇಡಿ. ಹಂಚುವವರು ಇಲಾಖೆಯವರೇ ಆಗಲಿ, ಹೊರಗಿನವರೇ ಆಗಲಿ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬ ಅರ್ಹ ಆಪ್ತಸಲಹೆಗಾರರಾದರೂ ಇರಬೇಕೆಂದು ಮಾರ್ಗಸೂಚಿ ಕೊಟ್ಟಿದೆ. ಅಷ್ಟು ಮಕ್ಕಳಿಲ್ಲದ ಹಳ್ಳಿ ಶಾಲೆಗಳಿಗೆ ಶಾಲೆಗಳ ಕ್ಲಸ್ಟರಿಗೊಬ್ಬ ಆಪ್ತಸಲಹೆಗಾರರನ್ನು ಕೊಟ್ಟು, ವಾರದಲ್ಲಿ ಇಂಥ ದಿನ ಇಂಥ ಶಾಲೆ ಎಂದು ಗೊತ್ತುಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮನೋಚೈತನ್ಯ ಯೋಜನೆಯ ಮಂಗಳವಾರದ ಕ್ಲಿನಿಕ್ಕಿಗೆ ಅವರು ಮಗುವನ್ನು ಕಳಿಸುವಂತಾಗಲಿ. ಹೋಗಿಬರುವ ಬಸ್ ಚಾರ್ಜು ಶಾಲೆಯ ಅನುದಾನದಲ್ಲಿ ಸಿಗಲಿ. ಕೂಲಿ ಬಿಟ್ಟು ಮಗುವಿನೊಂದಿಗೆ ಹೋಗುವ ತಾಯಿಗೆ ಆ ಹಣ ಸಣ್ಣದಲ್ಲ. ಫಾರಂ ಕೊಡುವ ಮುನ್ನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಕರೆದು ಹೆತ್ತವರಿಗೆ ವಿವರಿಸಿ, ಒಪ್ಪಿಗೆ ಪಡೆಯಿರಿ. ತುಂಬಿದ ಹಾಳೆ ನೇರವಾಗಿ ಆಪ್ತಸಲಹೆಗಾರರ ಕೈಗೆ ಹೋಗಲಿ, ಹೆಡ್‌ಮಾಸ್ಟರಿಗೂ ಬೇಡ, ನಮಗೂ ಬೇಡ. ಮಗು ಕಾರಣ ಹೇಳಿಕೊಂಡರೆ, ಅದು ದಾರಿಯೋ ಚಿಲಕವೋ ಬೆತ್ತವೋ ಆಗಿದ್ದರೆ, ಹೆಸರಿಲ್ಲದೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ತಲುಪಿ ಸರಿಯಾಗುವಂತೆ ಮಾಡಿ.

ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ ಈ ಕೆಲಸ ದಯವಿಟ್ಟು ಬೇಡ. ಆಗ ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿಗಳ ಕಾಲ. ಹತ್ತನೇ ತರಗತಿಯ ಯಾವ ಮಗುವನ್ನು ಕೇಳಿದರೂ ನಿದ್ದೆಯಿಲ್ಲ, ಎದೆ ಢವಢವ ಎನ್ನುತ್ತದೆ ಎಂದೇ ಹೇಳುತ್ತದೆ. ಜುಲೈ ಅಥವಾ ಆಗಸ್ಟಿನಲ್ಲಿ ಶುರುಮಾಡಿದರೆ ಗುರುತಿಸಿದ ಮಕ್ಕಳೊಂದಿಗೆ ಕೂರಲು ಆ ವರ್ಷದಲ್ಲೇ ಸಮಯ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಹಾಸನ ಜಿಲ್ಲೆಯ ಒಬ್ಬ ವಿಜ್ಞಾನ ಶಿಕ್ಷಕಿ