ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಧಾನವಾಯಿತೇ? ಫಾರ್ಮ್ಯಾಟ್ ಮಾಡಿಸುವ ಮುನ್ನ ಬಿಸಿ ನೋಡಿ

ಬೆಳಗ್ಗೆ ಆನ್ ಮಾಡಿದಾಗ ಡೆಸ್ಕ್‌ಟಾಪ್ ಚುರುಕಾಗಿಯೇ ಇರುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಒಂದು ಫೈಲ್ ತೆರೆಯುವುದಕ್ಕೂ ಕಾಯಬೇಕು, ಫ್ಯಾನ್ ಮಾತ್ರ ಜೋರಾಗಿ ಸದ್ದು ಮಾಡುತ್ತಿರುತ್ತದೆ. ಯಾರನ್ನು ಕೇಳಿದರೂ ಹೆಚ್ಚುಕಡಿಮೆ ಒಂದೇ ಉತ್ತರ: "ವೈರಸ್ ಬಂದಿರಬೇಕು, ಫಾರ್ಮ್ಯಾಟ್ ಮಾಡಿಸಿಬಿಡಿ." ನಾವೂ ಒಮ್ಮೆ ಹಾಗೆಯೇ ಮಾಡಿಸಿದೆವು. ಬ್ಯಾಕಪ್ ತೆಗೆಯುವಾಗ ಕಣ್ತಪ್ಪಿದ ಫೋಲ್ಡರ್‌ನಲ್ಲಿ ಎರಡು ವರ್ಷದ ಫೋಟೋಗಳಿದ್ದವು, ಅವು ಹೋದವು. ಕಂಪ್ಯೂಟರ್ ಮಾತ್ರ ಮರುದಿನವೇ ಹಳೆಯ ಚಾಳಿಗೆ ಮರಳಿತು. ತೊಂದರೆ ಇದ್ದದ್ದು ಸಾಫ್ಟ್‌ವೇರ್‌ನಲ್ಲಲ್ಲ, ಪ್ರಾಸೆಸರ್‌ನ ಬಿಸಿಯಲ್ಲಿ.

ಪ್ರಾಸೆಸರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಡೆಸ್ಕ್‌ಟಾಪ್‌ಗಳಲ್ಲಿ ಇದು ಸಾಮಾನ್ಯವಾಗಿ 65 ವ್ಯಾಟ್, ಕೆಲವದರಲ್ಲಿ 125 ವ್ಯಾಟ್‌ಗೂ ಹೆಚ್ಚು. ಚಿಪ್‌ನ ಮೇಲಿನ ಥರ್ಮಲ್ ಪೇಸ್ಟ್ ಈ ಶಾಖವನ್ನು ಹೀಟ್‌ಸಿಂಕ್ ಎಂಬ ಲೋಹದ ರೆಕ್ಕೆಗಳಿಗೆ ದಾಟಿಸುತ್ತದೆ, ಫ್ಯಾನ್ ಅದನ್ನು ಗಾಳಿಗೆ ಬಿಡುತ್ತದೆ. ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಬಿಸಿ ಒಳಗೇ ಉಳಿಯುತ್ತದೆ. ಅದು ಮಿತಿಗೆ, ಅಂದರೆ ಈಗಿನ ಹಲವು ಪ್ರಾಸೆಸರ್‌ಗಳಲ್ಲಿ 95ರಿಂದ 100 ಡಿಗ್ರಿ ಸೆಲ್ಸಿಯಸ್‌ಗೆ, ತಲುಪಿದಾಗ ಚಿಪ್ ತಾನಾಗಿಯೇ ವೇಗವನ್ನೂ ವೋಲ್ಟೇಜನ್ನೂ ಇಳಿಸುತ್ತದೆ. ಇದೇ ಥರ್ಮಲ್ ಥ್ರಾಟ್ಲಿಂಗ್. ಶಾಖ ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಎರಡನ್ನೂ ಶೇ. 20ರಷ್ಟು ಇಳಿಸಿದರೆ ಲೆಕ್ಕದ ಪ್ರಕಾರ ಅದು ಸುಮಾರು ಅರ್ಧವಾಗುತ್ತದೆ!

ಹಾಗಾಗಿ ಈ ನಿಧಾನವನ್ನು ಕಾಯಿಲೆ ಎನ್ನುವುದಕ್ಕಿಂತ ಆತ್ಮರಕ್ಷಣೆ ಎನ್ನುವುದೇ ಸರಿ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣದವರು ಗೇಮ್ ನಡೆಯುತ್ತಿರುವಾಗಲೇ ಪ್ರಾಸೆಸರ್‌ಗಳ ಹೀಟ್‌ಸಿಂಕ್ ಕಿತ್ತು ತೆಗೆದು ವಿಡಿಯೋ ಮಾಡಿದ್ದರು. ಇಂಟೆಲ್‌ನ ಪೆಂಟಿಯಂ 4 ಕುಂಟುತ್ತಾ ಸಾಗಿತು, ಆಗ ಇಂತಹ ರಕ್ಷಣೆಯಿಲ್ಲದ ಎಎಂಡಿಯ ಅಥ್ಲಾನ್ ಹೊಗೆಯಾಡಿ ಸುಟ್ಟುಹೋಯಿತು. ಈಗ ಎರಡೂ ಕಂಪನಿಗಳ ಚಿಪ್‌ಗಳಲ್ಲಿ ಈ ವ್ಯವಸ್ಥೆಯಿದೆ.

ನಮ್ಮ ಕಂಪ್ಯೂಟರ್‌ನಲ್ಲೂ ಇದೇ ಆಗುತ್ತಿದೆಯೇ ಎಂದು ತಿಳಿಯಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ನೋಡಬೇಕು. ಕೆಲಸದ ಹೊರೆ ಹೆಚ್ಚಿರುವಾಗಲೂ ವೇಗ ಅಲ್ಲೇ ತೋರಿಸುವ ಬೇಸ್ ಸ್ಪೀಡ್‌ಗಿಂತ ಕೆಳಗಿದ್ದರೆ ಅನುಮಾನ ಪಡಬಹುದು. ಪ್ರಾಸೆಸರ್‌ನ ಬಿಸಿ ಎಷ್ಟೆಂದು ಎಚ್‌ಡಬ್ಲ್ಯೂಇನ್ಫೋದಂತಹ ಉಚಿತ ತಂತ್ರಾಂಶ ಹೇಳುತ್ತದೆ. ಬಿಸಿ ಮಿತಿಯ ಹತ್ತಿರವಿದ್ದು ವೇಗ ಕುಸಿದಿದ್ದರೆ ಉತ್ತರ ಸಿಕ್ಕಂತೆಯೇ. ಬಿಸಿ 50 ಡಿಗ್ರಿ ಇದ್ದೂ ವೇಗ ಏರದಿದ್ದರೆ ಪವರ್ ಪ್ಲಾನ್‌ನಲ್ಲಿ ಪ್ರಾಸೆಸರ್‌ನ ಗರಿಷ್ಠ ಮಿತಿಯನ್ನು ಶೇ. 100ಕ್ಕಿಂತ ಕಡಿಮೆ ಇಟ್ಟಿರಬಹುದು. ವೇಗ 0.8 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಅಂಟಿಕೊಂಡಿದ್ದರೆ ಮದರ್‌ಬೋರ್ಡ್ "ಬಿಸಿಯಾಗಿದೆ" ಎಂಬ ಸುಳ್ಳು ಸಂಕೇತ ಕಳಿಸುತ್ತಿರುವ ಸಾಧ್ಯತೆಯೂ ಉಂಟು. ಅದು ರಿಪೇರಿಯವರ ಕೆಲಸ. ಪ್ರಾಸೆಸರ್ ಆರಾಮಾಗಿದ್ದು ಡಿಸ್ಕ್ ಶೇ. 100 ತೋರಿಸುತ್ತಿದ್ದರೆ ಹಾರ್ಡ್ ಡಿಸ್ಕ್ ಕಡೆ ನೋಡಿ.

ನಮ್ಮ ಡೆಸ್ಕ್‌ಟಾಪ್ ಇದ್ದದ್ದು ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಗೂಡಿನಲ್ಲಿ. ತೆರೆದು ನೋಡಿದರೆ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತಿತ್ತು. ಕೋಣೆಯ ಬಿಸಿ ಏರಿದಷ್ಟೇ ಒಳಗಿನ ಬಿಸಿಯೂ ಏರುವುದರಿಂದ ಏಪ್ರಿಲ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಪ್ಲಗ್ ಕಿತ್ತು, ಮೃದುವಾದ ಬ್ರಷ್‌ನಿಂದ ಧೂಳು ತೆಗೆದು, ಡಬ್ಬವನ್ನು ಗೂಡಿನಿಂದ ಹೊರಗಿಟ್ಟದ್ದಷ್ಟೇ ನಮಗೆ ಸಾಕಾಯಿತು. ಗಾಳಿ ಊದುವ ಬ್ಲೋವರ್ ಬಳಸುವುದಾದರೆ ಫ್ಯಾನ್ ಗಿರ್ರನೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

ಇಷ್ಟಾದರೂ ಬಿಸಿ ಇಳಿಯದಿದ್ದರೆ ಪೇಸ್ಟ್ ಒಣಗಿರಬಹುದು. ಹೊಸದನ್ನು ಹಚ್ಚುವಾಗ ಬಟಾಣಿ ಕಾಳಿನಷ್ಟು ಸಾಕು. ಅದರ ಕೆಲಸ ಸಣ್ಣ ಸಂದುಗಳನ್ನು ತುಂಬುವುದು ಮಾತ್ರ. ಲೋಹದಷ್ಟು ಚೆನ್ನಾಗಿ ಅದು ಶಾಖವನ್ನು ಸಾಗಿಸದು, ಹಾಗಾಗಿ ದಪ್ಪಗೆ ಮೆತ್ತಿದರೆ ಅದೇ ಅಡ್ಡಿಯಾಗುತ್ತದೆ.