“ಏನೂ ಬರಲ್ಲ ಮೇಡಂ”

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ – ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದ ಬರುತ್ತಿದ್ದ ಹೆಣ್ಣುಮಕ್ಕಳಿಗೆ ನಾನು ಬಹಳ ವರ್ಷ ಪಾಠ ಹೇಳಿದ್ದೇನೆ. ಕೊನೆಯ ವರ್ಷದವರನ್ನು ಪ್ರತಿಸಲ ಕೇಳುತ್ತಿದ್ದೆ: “ನಿನಗೆ ಏನು ಚೆನ್ನಾಗಿ ಬರುತ್ತದೆ?” ಹುಡುಗರು ಬಾರದ್ದನ್ನೂ ಸೇರಿಸಿ ಹೇಳುತ್ತಿದ್ದರು. ಹುಡುಗಿಯರದು ಒಂದೇ ಉತ್ತರ, “ಏನೂ ಬರಲ್ಲ ಮೇಡಂ.”

ಹಾಗೆ ಹೇಳಿದವಳೊಬ್ಬಳ ಬೆರಳುಗಳು ಕಂದುಗಟ್ಟಿದ್ದವು. ಹೊಗೆಸೊಪ್ಪಿನ ಅಂಟು. ವಾರಗಟ್ಟಲೆ ತರಗತಿಗೆ ಬಾರದೆ ಮನೆಯಲ್ಲಿ ಎಲೆ ವಿಂಗಡಿಸುತ್ತಿದ್ದಳು. ಕೆದಕಿ ಕೇಳಿದೆ. ಬುಡದ ಎಲೆ, ನಡುವಿನದು, ತುದಿಯದು ಬೇರೆ ಬೇರೆ. ನಿಂಬೆ ಬಣ್ಣ, ಕಿತ್ತಳೆ ಬಣ್ಣ, ಹಸಿರು ಉಳಿದದ್ದು ಬೇರೆ. ಒಣಗಿದ್ದು ಹೆಚ್ಚಾದರೆ ಪುಡಿಯಾಗುತ್ತದೆ, ತೇವ ಹೆಚ್ಚಾದರೆ ಬೂಷ್ಟು. ಬೇಲಿನಲ್ಲಿ ಒಂದಕ್ಕೊಂದು ಬೆರೆತರೆ ಬೆಲೆ ಬಿತ್ತು. ಇಷ್ಟನ್ನೂ ಕಣ್ಣು ಮತ್ತು ಬೆರಳಿನಿಂದಲೇ ತಿಳಿಯುತ್ತಿದ್ದಳು! 1976ರಲ್ಲಿ ತಂಬಾಕು ಮಂಡಳಿ ಬಂತು, 1984ರಲ್ಲಿ ನಮ್ಮಲ್ಲಿ ಹರಾಜು ಶುರುವಾಯಿತು. ಹರಾಜುಕಟ್ಟೆಯಲ್ಲಿ ದರ್ಜೆ ಹೇಳುವವನಿಗೆ ಸಂಬಳ, ಗೌರವ. ಜಗಲಿಯ ಮೇಲೆ ಅದನ್ನೇ ಮಾಡುವವಳದು ಮನೆಗೆಲಸ. ಅವಳು ಹೊಗೆಸೊಪ್ಪಿನಲ್ಲೇ ಉಳಿಯಲಿ ಎಂದು ನನ್ನ ಮಾತಲ್ಲ. ಹಸಿ ಎಲೆ ಮುಟ್ಟಿ ತಲೆಸುತ್ತಿ ವಾಂತಿಮಾಡಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲಿ ಆಹಾರದ ಬಣ್ಣ, ವಾಸನೆ, ರುಚಿ ಪರೀಕ್ಷಿಸುವುದೇ ಒಂದು ವಿಜ್ಞಾನ. ಆ ಕಣ್ಣು ಈ ಹುಡುಗಿಗೆ ಆಗಲೇ ಇತ್ತು.

ಮುಂದೆ ಓದಿಸಿ ಎಂದು ಅವಳ ತಂದೆಗೆ ಹೇಳಿದೆ. “ಇನ್ನೂ ಓದಿದರೆ ಇನ್ನೂ ದೊಡ್ಡ ಗಂಡು ಬೇಕು ಮೇಡಂ, ಅಷ್ಟು ಎಲ್ಲಿಂದ ತರಲಿ?” ಎಂದರು. ಹರಾಜು ಮುಗಿಯುತ್ತಿದ್ದಂತೆ ಮದುವೆಯಾಯಿತು. ಅವಳೇ ವಿಂಗಡಿಸಿದ ಎಲೆಯ ಹಣ ವರನ ಬೈಕಾಯಿತು. “ಮದುವೆಯಾದ ಮೇಲೂ ಓದಬಹುದು ಬಿಡು” ಎಂದು ನಾನೂ ಸಮಾಧಾನ ಹೇಳಿದ್ದೆ. ಆ ಮಾತು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ನಾಲ್ಕು ವರ್ಷದ ಮೇಲೆ ಮಗುವನ್ನೆತ್ತಿಕೊಂಡು ನನ್ನ ಮನೆ ಬಾಗಿಲಿಗೆ ಬಂದಳು. ತೋಳಿನ ಗುರುತುಗಳನ್ನು ಸೆರಗಿನಲ್ಲಿ ಮುಚ್ಚಿದ್ದಳು. ಇನ್ನಷ್ಟು ತಾ ಎಂಬ ಹಿಂಸೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹಣಕಾಸಿನ ಹಿಂಸೆಯನ್ನೂ ಹಿಂಸೆ ಎನ್ನುತ್ತದೆ, ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಡುತ್ತದೆ ಎಂದು ವಿವರಿಸಿದೆ. ಕೇಳಿಸಿಕೊಂಡು ಹೇಳಿದಳು, “ನನಗೆ ಏನೂ ಬರಲ್ಲ ಮೇಡಂ, ಹೋಗೋದೆಲ್ಲಿಗೆ?” ಹೊಡೆಯುವ ಮನೆಗೆ ಹೆಣ್ಣು ಮರಳಿ ಹೋಗುವುದು ಎಷ್ಟೋ ಸಲ ಈ ಒಂದು ವಾಕ್ಯವನ್ನು ನಂಬಿ.

ನನ್ನ ಪ್ರಶ್ನೆಯೇ ತಪ್ಪಾಗಿತ್ತು. ಹೊಗಳಿಕೊಳ್ಳಬಾರದೆಂದು ಬೆಳೆಸಿದವಳನ್ನು ನಿನ್ನ ಶಕ್ತಿ ಯಾವುದು ಎಂದರೆ ಏನು ಹೇಳಿಯಾಳು? ಈ ಸಲ ಬೇರೆ ಕೇಳಿದೆ: “ಊರಿನವರು ನಿನ್ನ ಹತ್ತಿರ ಯಾತಕ್ಕೆ ಬರ್ತಾರೆ?” ತಡೆಯದೆ ಹೇಳಿದಳು: ಸಂಘದ ಲೆಕ್ಕ ಬರೆಸಲು, ಪಾಸ್‌ಬುಕ್ ಓದಿಸಲು, ಸೊಸಾಯಿಟಿಯವರು ಕೊಟ್ಟ ಬಡ್ಡಿ ಸರಿಯೇ ನೋಡಲು. ಕಾಗದ ತೆಗೆದುಕೊಂಡು ಅಷ್ಟನ್ನೂ ಅವಳ ಕೈಯಲ್ಲೇ ಬರೆಸಿದೆ. ಪುಟ ತುಂಬಿತು.

ವೃತ್ತಿ ಮಾರ್ಗದರ್ಶನ ಶಿಬಿರಗಳಿಗೆ ನಾನೂ ಹೋಗಿದ್ದೇನೆ. ಆಸಕ್ತಿಯನ್ನು ಹಿಂಬಾಲಿಸಿ ಎನ್ನುತ್ತಾರೆ. ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರೂ ಕೇಳುವುದಿಲ್ಲ. 2023ರ ಜೂನ್‌ನಿಂದ ಟಿಕೆಟ್ಟಿನ ದುಡ್ಡು ಉಳಿದಿದೆ ನಿಜ. ಸಂಜೆ ಏಳರ ಮೇಲೆ ಬಸ್ಸೇ ಇಲ್ಲದ ಹಳ್ಳಿಯ ಹುಡುಗಿಗೆ ಅದರಿಂದೇನು?

ಈಗ ಅವಳು ತವರಿನ ಹತ್ತಿರದ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಸಂಬಳ ಸಣ್ಣದು, ಆದರೆ ಖಾತೆ ಅವಳ ಹೆಸರಿನಲ್ಲೇ ಇದೆ. ಬೆಳಿಗ್ಗೆ ಆರಕ್ಕೆ ಹಾಲಿನ ಕೊಬ್ಬಿನ ಅಂಶ ನೋಡಿ ಬರೆಯುತ್ತಾಳೆ. “ನಾನು ಬರೆದ ಮೇಲೆ ಯಾವ ಗಂಡಸೂ ದನಿ ಎತ್ತಲ್ಲ ಮೇಡಂ” ಎಂದು ನಗುತ್ತಾಳೆ. ಮೊಕದ್ದಮೆ ಇನ್ನೂ ಮುಗಿದಿಲ್ಲ. ಮುಂದಿನ ವಾಯಿದೆಗೆ ನಾನೂ ಅವಳ ಜೊತೆ ಹೋಗುತ್ತಿದ್ದೇನೆ.